ಸಕ್ಕರೆ ಕಾಯಿಲೆ ಇರುವ ರೈತರು ಕಾಲಿನ ಬಗೆಗೆ ವಹಿಸಬೇಕಾದ ಎಚ್ಚರ

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಹುಣಸಗಿ ಸೀಮೆಯ ಬೇಸಾಯ ಬಹುಮಟ್ಟಿಗೆ ಬದಲಾಗಿದೆ. ಬಿಳಿಜೋಳ, ಸಜ್ಜೆ, ತೊಗರಿ, ಶೇಂಗಾ ಬೆಳೆಯುತ್ತಿದ್ದ ಒಣ ಹೊಲಗಳಲ್ಲಿ ಎಷ್ಟೋ ಭಾಗ ಭತ್ತದ ಗದ್ದೆಯಾಯಿತು. ರೊಟ್ಟಿಯ ಜೊತೆಗೆ ಅನ್ನವೂ ದಿನನಿತ್ಯದ ಊಟವಾಯಿತು. ರಂಟೆ, ಕುಂಟೆ ಹಿಡಿಯುತ್ತಿದ್ದ ಕೈ ಟ್ರ್ಯಾಕ್ಟರಿನ ಚಕ್ರ ಹಿಡಿಯಿತು. ಇವುಗಳ ಬೆನ್ನಿಗೇ, ಪೇಟೆಯ ಉಳ್ಳವರಿಗೆ ಮಾತ್ರ ಬರುವಂಥದೆಂದು ಹಳ್ಳಿಗರು ನಂಬಿದ್ದ ಸಕ್ಕರೆ ಕಾಯಿಲೆಯೂ ಊರೊಳಗೆ ಬಂದು ನೆಲೆಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಿನಲ್ಲಿದ್ದಾರೆ.

ಸಕ್ಕರೆ ಕಾಯಿಲೆಯೆಂದರೆ ಚಹಾಕ್ಕೆ ಸಕ್ಕರೆ ಹಾಕದಿರುವುದು, ಬೆಳಿಗ್ಗೆ ಒಂದು ಗುಳಿಗೆ ನುಂಗುವುದು ಎಂಬಲ್ಲಿಗೆ ಬಹುಜನರ ತಿಳಿವಳಿಕೆ ನಿಂತುಬಿಡುತ್ತದೆ. ಈ ಕಾಯಿಲೆ ಕಣ್ಣಿಗೆ, ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತದೆಂಬುದನ್ನು ಕೆಲವರು ಕೇಳಿರುತ್ತಾರೆ. ಆದರೆ ಕಾಲನ್ನೇ ಕಳೆಯಬಲ್ಲದೆಂಬುದು ಅನೇಕರಿಗೆ ತಿಳಿಯುವುದು ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೇ. ಸಕ್ಕರೆ ಕಾಯಿಲೆ ಇರುವ ನೂರು ಜನರಲ್ಲಿ 19ರಿಂದ 34 ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಕಾಲಿನಲ್ಲಿ ಹುಣ್ಣಾಗುತ್ತದೆಂದು ತಜ್ಞರ ಅಂದಾಜು. ಈ ಕಾಯಿಲೆಯಿಂದ ಕಾಲು ಕತ್ತರಿಸಬೇಕಾಗಿ ಬಂದ ಪ್ರಸಂಗಗಳಲ್ಲಿ 100ಕ್ಕೆ ಸುಮಾರು 85ರಲ್ಲಿ ಮೊದಲು ಇದ್ದದ್ದು ಒಂದು ಸಣ್ಣ ಹುಣ್ಣು. ಮುಳ್ಳು ಚುಚ್ಚಿದ್ದು, ಚಪ್ಪಲಿ ಕಡಿದದ್ದು, ಬೆರಳ ಸಂದು ಕೊಳೆತದ್ದು, ಇಷ್ಟೇ. ಉಳುವವನಿಗೆ ಕಾಲು ಹೋದರೆ ಹೊಲ ಪಾಲಿಗೆ ಹೋಗುತ್ತದೆ, ಎತ್ತು ಸಂತೆಗೆ ಹೋಗುತ್ತವೆ. ಆದ್ದರಿಂದ ಈ ವಿಷಯ ಆಸ್ಪತ್ರೆಗೆ ಎಷ್ಟು ಸಂಬಂಧಿಸಿದ್ದೋ ಬೇಸಾಯಕ್ಕೂ ಅಷ್ಟೇ ಸಂಬಂಧಿಸಿದ್ದು.

ಕಾಲುವೆಯ ಕೊನೆಯ ಹೊಲ

ಕಾಲಿಗೇ ಏಕೆ ಈ ಪೀಡೆ ಎಂಬುದನ್ನು ಕಾಲುವೆಯ ನೀರಾವರಿ ಬಲ್ಲವರಿಗೆ ತಿಳಿಸುವುದು ಸುಲಭ. ಕಾಲುವೆಯಲ್ಲಿ ನೀರು ಕಡಿಮೆಯಾದರೆ, ಹೂಳು ತುಂಬಿದರೆ, ಮೊದಲು ಬೆಳೆ ಒಣಗುವುದು ಕೊನೆಯ ಹೊಲದಲ್ಲಿ. ದೇಹದಲ್ಲಿ ಪಾದವೇ ಕೊನೆಯ ಹೊಲ. ಹೃದಯದಿಂದ ಹೊರಟ ರಕ್ತ ಎಲ್ಲಕ್ಕಿಂತ ದೂರ ಹೋಗಬೇಕಾದದ್ದು ಕಾಲ್ಬೆರಳ ತುದಿಗೆ. ಬೆನ್ನುಹುರಿಯಿಂದ ಹೊರಡುವ ನರಗಳಲ್ಲಿ ಅತ್ಯಂತ ಉದ್ದವಾದವು ಪಾದಕ್ಕೆ ಇಳಿಯುವ ನರಗಳು. ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಈ ಉದ್ದ ನರಗಳು ಮೊದಲು ಕೆಡುತ್ತವೆ. ರಕ್ತನಾಳಗಳ ಒಳಗೋಡೆಗೆ ಜಿಡ್ಡು ಕಟ್ಟಿ ಅವು ಸಪುರಾಗುತ್ತವೆ. ಬೀಡಿ ಸೇದುವವರಲ್ಲಿ ಇದು ಮತ್ತೂ ಬೇಗ.

ನರ ಕೆಟ್ಟದ್ದು ಆರಂಭದಲ್ಲಿ ಹಲವು ಬಗೆಯಾಗಿ ತೋರಬಹುದು. ಕೆಲವರಿಗೆ ರಾತ್ರಿ ಅಂಗಾಲು ಉರಿ, ಇರುವೆ ಹರಿದಂತೆ ಜುಮುಜುಮು. ಕೆಲವರಿಗೆ ಬತ್ತಿಯ ಮೇಲೆ, ಹತ್ತಿಯ ಮೇಲೆ ನಡೆದಂತೆ. ಚಪ್ಪಲಿ ಕಾಲಿನಿಂದ ಜಾರಿ ಹೋದರೂ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗುವವರೂ ಉಂಟು. ಇನ್ನು ಎಷ್ಟೋ ಜನರಿಗೆ ಯಾವ ಲಕ್ಷಣವೂ ತೋರುವುದಿಲ್ಲ, ಸ್ಪರ್ಶಜ್ಞಾನ ಸದ್ದಿಲ್ಲದೆ ಹೋಗಿರುತ್ತದೆ. ಉರಿ ನಿಂತಿತು, ಕಾಲು ನೆಟ್ಟಗಾಯಿತು ಎಂದು ರೋಗಿ ಸಂತೋಷಪಡುವ ಹೊತ್ತಿಗೆ ನರ ಪೂರ್ತಿ ಸತ್ತಿರುವುದೂ ಉಂಟು. ಬೆವರು ತರುವ ನರಗಳೂ ಕೆಡುವುದರಿಂದ ಪಾದದ ಚರ್ಮ ಒಣಗಿ, ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುವಂತೆ ಹಿಮ್ಮಡಿ ಒಡೆಯುತ್ತದೆ.

ನೋವೆಂಬುದು ಶತ್ರುವಲ್ಲ, ಕಾವಲುಗಾರ ಎಂಬುದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಈ ವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಚಿಕಿತ್ಸೆಗೆ ತೊಡಗಿದರು. ಕುಷ್ಠದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂದು ಆಗ ಎಲ್ಲರೂ ತಿಳಿದಿದ್ದರು. ಬ್ರ್ಯಾಂಡ್ ಅವರು ಒಬ್ಬೊಬ್ಬ ರೋಗಿಯ ದಿನಚರಿಯನ್ನು ಹಿಂಬಾಲಿಸಿ ನೋಡಿ, ಮಾಂಸ ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದ್ದರಿಂದ ಸುಟ್ಟುಕೊಂಡು, ಚುಚ್ಚಿಕೊಂಡು, ಗಾಯದ ಮೇಲೆಯೇ ನಡೆದು ನಡೆದು ಹಾಳಾಗುತ್ತದೆಂದು ಕಂಡುಕೊಂಡರು. ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ಕೆಲಸ ಮಾಡುವಾಗ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನ ಮೂಲವೂ ಇದೇ ಎಂದು ಅವರೂ ಅವರ ಜೊತೆಗಾರರೂ ತೋರಿಸಿದರು. ಮುಳ್ಳು ಚುಚ್ಚಿದಾಗ 'ಅಯ್ಯೋ' ಎಂದು ಕಾಲೆತ್ತುವವನ ಕಾಲು ಉಳಿಯುತ್ತದೆ. ಚುಚ್ಚಿದ್ದೇ ತಿಳಿಯದವನು ಸಂಜೆಯವರೆಗೆ ಅದನ್ನು ತುಳಿದುಕೊಂಡೇ ಗಳೆ ಹೊಡೆಯುತ್ತಾನೆ.

ತಿಳಿದದ್ದು ಬೇರೆ, ನಡೆಯುವುದು ಬೇರೆ

ಹುಣಸಗಿ, ಕೊಡೇಕಲ್, ರಾಜನಕೋಳೂರು ಕಡೆಯ ನೆಲ ಲಕ್ಷಾಂತರ ವರ್ಷಗಳಿಂದ ಮನುಷ್ಯ ಬರಿಗಾಲಿನಲ್ಲಿ ನಡೆದಾಡಿದ ನೆಲ. ಈ ಕಣಿವೆಗಳಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ರಾಶಿ ರಾಶಿಯಾಗಿ ದೊರೆತಿವೆ. ಆರೋಗ್ಯವಂತನಿಗೆ ಬರಿಗಾಲು ಒಂದು ದೋಷವೇ ಅಲ್ಲ. ದಪ್ಪಗಟ್ಟಿದ ಅಂಗಾಲು, ಎಚ್ಚರವಿರುವ ನರ, ಹರಿಯುವ ರಕ್ತ, ಈ ಮೂರೂ ಇದ್ದರೆ ಕಾಲು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಮೂರರಲ್ಲಿ ಎರಡು ಹೋದ ಮೇಲೂ ಅದೇ ರೂಢಿ ಮುಂದುವರಿಯುವುದರಲ್ಲಿ ಅಪಾಯವಿದೆ.

ರೂಢಿಗೆ ಕಾರಣಗಳೂ ಇವೆ, ಅವುಗಳನ್ನು ಹಗುರವಾಗಿ ಕಾಣುವಂತಿಲ್ಲ. ಭೂಮಿತಾಯಿಯನ್ನು ಮೆಟ್ಟು ಹಾಕಿಕೊಂಡು ತುಳಿಯಬಾರದೆಂದು ಬಿತ್ತುವ ದಿನ ಕಾಲ್ಮರಿಯನ್ನು ಬದುವಿನ ಮೇಲೆ ಬಿಡುತ್ತಾರೆ. ರಾಶಿ ಮಾಡುವ ಕಣದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಬೆಳೆಯ ನಡುವೆ ಹೋಗುವುದು ಬರಿಗಾಲಿನಲ್ಲಿಯೇ. ಮನೆಯೊಳಗೆ, ಅದರಲ್ಲೂ ಅಡುಗೆ ಮನೆ, ದೇವರ ಮನೆಯಲ್ಲಿ, ಚಪ್ಪಲಿಯ ಮಾತೇ ಇಲ್ಲ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಲ್ಲಿ ಎಷ್ಟೋ ಜನ ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾರೆ. ಮೊಹರಂನಲ್ಲಿ ಹರಕೆ ಹೊತ್ತು ಕೆಂಡ ಹಾಯುವವರೂ ಇದ್ದಾರೆ.

'ಕಾಲು ಜೋಪಾನ' ಎಂದು ವೈದ್ಯರು ಹೇಳಿದ್ದನ್ನು ಇವರಲ್ಲಿ ಅನೇಕರು ಕೇಳಿಯೇ ಇರುತ್ತಾರೆ. ಆದರೆ ಜೋಪಾನವೆಂದರೆ ಇಂತಿಂಥ ದಿನ, ಇಂತಿಂಥ ಕೆಲಸದಲ್ಲಿ ಇಂಥದನ್ನು ಮಾಡು ಎಂದು ಬಿಡಿಸಿ ಹೇಳಿದವರಿಲ್ಲ. ಎತ್ತಿನ ಗೊರಸು ಸವೆದಿದೆಯೇ, ಲಾಳ ಸಡಿಲಾಗಿದೆಯೇ ಎಂದು ಬಗ್ಗಿ ನೋಡುವ ರೈತ ತನ್ನ ಅಂಗಾಲನ್ನು ವರ್ಷಕ್ಕೊಮ್ಮೆಯೂ ತಿರುಗಿಸಿ ನೋಡುವುದಿಲ್ಲ. ಮಾಡಿಕೊಳ್ಳಬಹುದಾದ ಹೊಂದಾಣಿಕೆಗಳು ಇವೆ. ದೇವಸ್ಥಾನದ ಕಲ್ಲುಹಾಸು ಮಧ್ಯಾಹ್ನ ಹೆಂಚಿನಂತೆ ಕಾದಿರುತ್ತದೆ, ಆದ್ದರಿಂದ ದರ್ಶನವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳುವುದು ಲೇಸು. ಮನೆಯೊಳಗೆ ಓಡಾಡಲು ಹೊರಗೆ ಎಂದೂ ಮೆಟ್ಟದ ಬೇರೊಂದು ಜೊತೆ ಮೆತ್ತನೆ ಚಪ್ಪಲಿ ಇರಲಿ. ರಾಶಿಪೂಜೆಯ ಹೊತ್ತು ಬರಿಗಾಲಿನಲ್ಲಿದ್ದರೂ ಕಣಕ್ಕೆ ಹೋಗಿ ಬರುವ ಹಾದಿಯಲ್ಲಿ ಮೆಟ್ಟು ಬೇಡವೆನ್ನುವ ಶಾಸ್ತ್ರವೇನೂ ಇಲ್ಲ. ಸ್ಪರ್ಶಜ್ಞಾನ ಹೋದವರು ಕೆಂಡ ಹಾಯುವುದನ್ನು ಮಾತ್ರ ಬಿಡಲೇಬೇಕು. ಅದಕ್ಕೆ ಹೊಂದಾಣಿಕೆಯಿಲ್ಲ.

ಬೆರಳು ಮುಟ್ಟಿ ಪರೀಕ್ಷೆ

ಕಾಲಿನ ಸ್ಪರ್ಶಜ್ಞಾನ ಇದೆಯೋ ಇಲ್ಲವೋ ಎಂದು ತಿಳಿಯಲು ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ನೋಡುತ್ತಾರೆ. ಅದಿಲ್ಲದೆಯೂ ಮನೆಯಲ್ಲಿಯೇ ಮಾಡಬಹುದಾದ ಸುಲಭ ಪರೀಕ್ಷೆಯೊಂದನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ನಗರದ ವೈದ್ಯರು ರೂಪಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ರೋಗಿ ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿಕೊಳ್ಳಬೇಕು. ಮನೆಯವರೊಬ್ಬರು ತಮ್ಮ ತೋರುಬೆರಳ ತುದಿಯಿಂದ ರೋಗಿಯ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಎರಡೂ ಕಾಲಿನಲ್ಲಿ ಒಂದೊಂದಾಗಿ, ಹಿಂದುಮುಂದಾಗಿ, ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಕೆರೆಯಬಾರದು, ಕಚಗುಳಿ ಇಡಬಾರದು. ಮುಟ್ಟಿದಾಗಲೆಲ್ಲ ರೋಗಿ ಎಡಗಾಲೋ ಬಲಗಾಲೋ ಹೇಳಬೇಕು. ಆರು ಕಡೆ ಮುಟ್ಟಿದ್ದರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆಯೆಂದು ತಿಳಿದು ವೈದ್ಯರಿಗೆ ತೋರಿಸತಕ್ಕದ್ದು. ಈ ಪರೀಕ್ಷೆಗೆ ಬಿಡಿಕಾಸಿನ ಖರ್ಚಿಲ್ಲ. ಶಾಲೆಗೆ ಹೋಗುವ ಮೊಮ್ಮಗಳೂ ಮಾಡಬಲ್ಲಳು.

ರಕ್ತದ ಓಟವನ್ನು ವೈದ್ಯರು ಪಾದದ ಮೇಲ್ಭಾಗದಲ್ಲಿಯೂ ಒಳ ಕಣಕಾಲಿನ ಹಿಂದೆಯೂ ನಾಡಿ ಹಿಡಿದು ನೋಡುತ್ತಾರೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವುದು, ಪಾದ ತಣ್ಣಗಿರುವುದು, ಬೆರಳು ನೀಲಿಗಟ್ಟುವುದು, ಇವು ರಕ್ತ ಸಾಲದೆಂಬುದರ ಗುರುತು.

ಕಾಲು ತೊಳೆಯುವ ಹೊತ್ತು

ಹೊಲದಿಂದ ಬಂದವರು ಅಂಗಳದಲ್ಲಿ ಕಾಲು ತೊಳೆದೇ ಹೊಸ್ತಿಲು ದಾಟುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ, ಈ ಪದ್ಧತಿಗೇ ಎರಡು ಕೆಲಸ ಸೇರಿಸಿದರೆ ಸಾಕು. ತೊಳೆದ ಮೇಲೆ ಒಣ ಬಟ್ಟೆಯಿಂದ ಒರೆಸುವುದು, ಬೆರಳ ಸಂದುಗಳನ್ನು ಬಿಡಿಸಿ ಒರೆಸುವುದು ಮುಖ್ಯ. ಅನಂತರ ಬೆಳಕಿನಲ್ಲಿ ಕುಳಿತು ಎರಡೂ ಪಾದಗಳನ್ನು ಮೇಲೆ ಕೆಳಗೆ, ಹಿಮ್ಮಡಿ, ಬೆರಳ ಸಂದು ಎಲ್ಲವನ್ನೂ ನೋಡುವುದು. ಕಾಲು ಮಡಚಲಾಗದವರು ಕನ್ನಡಿಯೊಂದನ್ನು ನೆಲದ ಮೇಲಿಟ್ಟು ಅಂಗಾಲು ನೋಡಬಹುದು. ಕಣ್ಣು ಮಂಜಾದವರು, ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಇವರು ಕಡಿಮೆಯಿಲ್ಲ, ಮನೆಯವರಿಂದ ನೋಡಿಸಿಕೊಳ್ಳಬೇಕು. ಅತ್ತೆಯ ಕಾಲನ್ನು ಸೊಸೆ, ಮಾವನ ಕಾಲನ್ನು ಮಗ ನೋಡುವುದರಲ್ಲಿ ಸಂಕೋಚ ಪಡುವಂಥದೇನೂ ಇಲ್ಲ.

ಕೆಂಪಗಾದದ್ದು, ಗುಳ್ಳೆ, ಗೀರು, ಮುಳ್ಳಿನ ತುದಿ, ಬೆರಳ ಸಂದಿನಲ್ಲಿ ಬೆಳ್ಳಗಿನ ಬೂಸಲು, ಆಣಿಯ ಕೆಳಗೆ ಕಪ್ಪು ಚುಕ್ಕೆ, ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿ ಬಾತಿರುವುದು, ಕಾಲುಚೀಲದ ಮೇಲೆ ರಕ್ತದ ಅಥವಾ ಕೀವಿನ ಕಲೆ, ಕೆಟ್ಟ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಅಲಕ್ಷ್ಯ ಮಾಡಬಾರದು. ಹುಣ್ಣಿಲ್ಲದೆ, ನೋವಿಲ್ಲದೆ ಒಂದೇ ಪಾದ ಬಿಸಿಯಾಗಿ ಬಾತರೆ ಒಳಗೆ ಎಲುಬು ಕುಸಿಯುತ್ತಿರಬಹುದು. ಉಳುಕಿರಬೇಕೆಂದು ತೀಡಿಸುವುದು ಆಗ ದೊಡ್ಡ ಅನಾಹುತ.

ಕಾಲು ತೊಳೆಯುವ ನೀರು ಉಗುರು ಬೆಚ್ಚಗಿದ್ದರೆ ಸಾಕು, ಅದನ್ನೂ ಕಾಲಿನಿಂದ ನೋಡದೆ ಮೊಳಕೈಯಿಂದ ನೋಡಬೇಕು. ಉರಿ ಹೋಗಲೆಂದು ಕಾಸಿದ ನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತು ಚರ್ಮ ಬೇಯಿಸಿಕೊಂಡವರುಂಟು. ಚಳಿಗಾಲದಲ್ಲಿ ಬೆಂಕಿಗೆ ಕಾಲೊಡ್ಡಿ ಕೂಡುವುದೂ, ಮೋಟಾರ್ ಸೈಕಲ್ಲಿನ ಸೈಲೆನ್ಸರಿಗೆ ಕಾಲು ತಾಗಿಸಿಕೊಂಡು ಕೂಡುವುದೂ ಇದೇ ಜಾತಿಯ ಅಪಾಯ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬಹುದು. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ, ಅಲ್ಲಿ ಒಣಗಿರಬೇಕು. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆ ಅಗೆಯಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವುದು, ಅಂಗಡಿಯ ಆಣಿ ಪಟ್ಟಿ ಅಂಟಿಸುವುದು ಎರಡೂ ಕೂಡದು. ಆ ಪಟ್ಟಿಯಲ್ಲಿರುವ ಆಮ್ಲ ಆಣಿಯ ಜೊತೆಗೆ ಸುತ್ತಲಿನ ಚರ್ಮವನ್ನೂ ತಿನ್ನುತ್ತದೆ.

ಹೆಣ್ಣುಮಕ್ಕಳ ಕಾಲುಂಗುರದ ಬಗೆಗೂ ಒಂದು ಮಾತು. ಪಾದ ಬಾತಾಗ ಬಿಗಿಯಾದ ಕಾಲುಂಗುರ ಬೆರಳಿನ ರಕ್ತ ತಡೆಯುತ್ತದೆ, ಅಡಿಯಲ್ಲಿ ಕೊಳೆ ನಿಂತು ಹುಣ್ಣಾಗುತ್ತದೆ. ಸಡಿಲವಾದ, ತೆಗೆದು ತೊಳೆಯಬಹುದಾದ ಕಾಲುಂಗುರವೇ ಇರಲಿ.

ಎಂಥ ಚಪ್ಪಲಿ?

ಬಹುಜನರು ಮೆಟ್ಟುವ ಹವಾಯಿ ಚಪ್ಪಲಿ ಅಗ್ಗ, ಆದರೆ ಸ್ಪರ್ಶಜ್ಞಾನ ಹೋದ ಕಾಲಿಗೆ ಅದು ಸಾಲದು. ಅದರ ಅಟ್ಟೆಯನ್ನು ಬಳ್ಳಾರಿ ಜಾಲಿಯ ಮುಳ್ಳು ಸಲೀಸಾಗಿ ತೂರುತ್ತದೆ. ಹೆಬ್ಬೆರಳ ಸಂದಿನ ಗುಬ್ಬಿ ಚರ್ಮ ಉಜ್ಜುತ್ತದೆ. ಕಾಲು ಅದನ್ನು ಹಿಡಿದುಕೊಳ್ಳಲು ಬೆರಳು ಮಡಚಬೇಕಾಗುತ್ತದೆ. ಹಳೆಯ ಟೈರಿನ ಚಪ್ಪಲಿಗೆ ಮುಳ್ಳು ತಾಗದು, ನಿಜ. ಆದರೆ ಒಳಗೆ ಕಲ್ಲಿನಂತೆ ಗಟ್ಟಿ, ಮೇಲಾಗಿ ಬಡಿದಿರುವ ಮೊಳೆ ಸವೆದಂತೆ ಮೇಲೆ ಬರುತ್ತದೆ.

ಬೇಕಾದದ್ದು ಇವೆರಡರ ಗುಣ ಸೇರಿದ ಮೆಟ್ಟು. ಕೆಳಗೆ ಮುಳ್ಳು ತೂರದಂತಹ ಗಟ್ಟಿ ಅಟ್ಟೆ, ಮೇಲೆ ಪಾದ ಊರುವ ಕಡೆ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಹಾಸು, ಮುಂದೆಯೂ ಹಿಮ್ಮಡಿಯ ಹಿಂದೆಯೂ ಹಿಗ್ಗಿಸಿ ಕುಗ್ಗಿಸಬಹುದಾದ ಪಟ್ಟಿ, ಎಲ್ಲಿಯೂ ಮೊಳೆಯಿಲ್ಲದೆ ಅಂಟು ಮತ್ತು ಹೊಲಿಗೆಯಿಂದಲೇ ಕೂಡಿಸಿದ್ದು. ಎಂ.ಸಿ.ಆರ್. ಚಪ್ಪಲಿಯೆಂದು ಕರೆಯುವ ಇದು ಕುಷ್ಠರೋಗ ನಿವಾರಣೆಯ ಕೆಲಸದಲ್ಲಿ ಬಳಕೆಗೆ ಬಂದದ್ದು. ಹಾಸಿನ ಹಾಳೆ ತರಿಸಿಕೊಟ್ಟರೆ ಊರಿನಲ್ಲಿ ಕಾಲ್ಮರಿ ಹೊಲಿಯುವ ಕುಶಲಕರ್ಮಿಯೂ ಮಾಡಿಕೊಡಬಲ್ಲ. ಹಾಸು ಒತ್ತಿ ತೆಳುವಾದ ಮೇಲೆ ಬದಲಿಸಬೇಕು. ಪಾದದ ಆಕಾರ ಕೆಟ್ಟವರು ಮಾತ್ರ ಆಸ್ಪತ್ರೆಯಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳುವುದು ಕ್ಷೇಮ. ಬೆಂಗಳೂರಿನ ಕರ್ನಾಟಕ ಅಂತಃಸ್ರಾವ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯಂತಹ ಕಡೆ ಪಾದದ ಚಿಕಿತ್ಸೆಗೆಂದೇ ವಿಭಾಗವಿದೆ.

ಚಪ್ಪಲಿ ಕೊಳ್ಳುವುದು ಸಂಜೆಯ ಹೊತ್ತು, ಪಾದ ಆಗ ಸ್ವಲ್ಪ ಬಾತಿರುತ್ತದೆ. ಹೊಸದನ್ನು ಮೊದಲ ದಿನ ಒಂದು ತಾಸಿಗಿಂತ ಹೆಚ್ಚು ಮೆಟ್ಟದೆ, ಬಿಚ್ಚಿ ಪಾದ ನೋಡಿ, ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸಬೇಕು. ಮೆಟ್ಟುವ ಮುಂಚೆ ಪ್ರತಿ ಸಲವೂ ಕೊಡವಿ, ಒಳಗೆ ಕೈಯಾಡಿಸಬೇಕು. ಚೇಳಿಗೆ ಹೆದರಿ ಬೂಟು ಕೊಡವುವ ಅಭ್ಯಾಸ ಈ ಕಡೆ ಇದ್ದೇ ಇದೆ, ಒಂದು ಹರಳು ಚೇಳಿಗಿಂತ ಕಡಿಮೆ ಅಪಾಯದ್ದಲ್ಲ. ದಿನವಿಡೀ ತುಳಿದ ಆ ಹರಳು ಸಂಜೆಗೆ ಗುಳ್ಳೆ, ನಾಲ್ಕು ದಿನಕ್ಕೆ ಹುಣ್ಣು.

ಹೊಲದ ಕೆಲಸದಲ್ಲಿ ಅತ್ಯಂತ ಅಪಾಯದ ಹೊತ್ತು ಕೊಯ್ಲಿನ ನಂತರದ್ದು. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿಯ ಕೂಳೆ ಈಟಿಯಂತೆ ನಿಂತಿರುತ್ತದೆ. ಜೋಳದ ಕೂಳೆ, ಹತ್ತಿ ಕಟ್ಟಿಗೆಯ ಬುಡ, ನೆಗ್ಗಿಲ ಮುಳ್ಳು ಇವೂ ಅಷ್ಟೇ. ಇಂತಹ ಹೊಲದಲ್ಲಿ ಮುಂಪಾದ ಮುಚ್ಚಿದ ಬೂಟೇ ಆಗಬೇಕು.

ಗದ್ದೆಯ ಕೆಸರು

ಭತ್ತದ ಗದ್ದೆಯ ಸಮಸ್ಯೆ ಬೇರೆ. ನಾಟಿಯ ಕೆಸರಿನಲ್ಲಿ ಯಾವ ಚಪ್ಪಲಿಯೂ ನಿಲ್ಲದು, ಗಂಬೂಟು ಹೂತುಹೋಗುತ್ತದೆ. ಗಂಬೂಟು ಹಾಕಿಕೊಂಡೇ ನಾಟಿ ಮಾಡಿರೆಂದು ಬರೆಯುವುದು ಸುಲಭ, ಗದ್ದೆಗಿಳಿದವರಿಗೆ ಅದರ ಕಷ್ಟ ಗೊತ್ತು. ನೀರು ಕಟ್ಟಲು, ಬದು ಸುತ್ತಲು, ಗೊಬ್ಬರ ಎರಚಲು ಗಂಬೂಟು ನಡೆಯುತ್ತದೆ, ಅದನ್ನೂ ಕಾಲುಚೀಲದ ಮೇಲೆ ಹಾಕಿ, ಎರಡು ತಾಸಿಗೊಮ್ಮೆ ಬಿಚ್ಚಿ ಆರಿಸಬೇಕು. ಒಳಗೆ ಬೆವರು ನಿಂತರೆ ಅದೂ ಕೆಸರಿನಷ್ಟೇ ಕೆಟ್ಟದ್ದು. ನಾಟಿಯ ಕೆಸರಿಗೆ ಮಾತ್ರ, ಸ್ಪರ್ಶಜ್ಞಾನ ಹೋದವರು ಇಳಿಯದಿರುವುದೇ ಸರಿ. ಮುಯ್ಯಾಳಿನ ಲೆಕ್ಕದಲ್ಲಿ ಸಸಿ ಕಿತ್ತು ಕಟ್ಟುವುದು, ಬೀಜೋಪಚಾರ ಮುಂತಾದ ದಂಡೆಯ ಕೆಲಸ ಅವರ ಪಾಲಿಗಿರಲಿ. ಕೂರಿಗೆಯಿಂದ ನೇರ ಬಿತ್ತನೆ ಮಾಡುವ ಭತ್ತದ ಪದ್ಧತಿ ಈ ಭಾಗದಲ್ಲಿ ಹರಡುತ್ತಿದೆ, ನೀರು ಉಳಿತಾಯದ ಜೊತೆಗೆ ಕಾಲಿಗೂ ಅದು ಹಿತವೇ. ಗಾಯವಿರುವ ಕಾಲನ್ನಂತೂ ಯಾರೂ ಕೆಸರಿಗಿಳಿಸಬಾರದು.

ಕೆಸರಿನಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಮೆಲಿಯಾಯ್ಡೋಸಿಸ್ ಎಂಬ ರೋಗದ ಸೂಕ್ಷ್ಮಾಣು ಒದ್ದೆ ಮಣ್ಣಿನಲ್ಲಿ ವಾಸಿಸುತ್ತದೆ, ಚರ್ಮದ ಗೀರಿನಿಂದ ಒಳಹೊಗುತ್ತದೆ. ನಮ್ಮ ರಾಜ್ಯದಲ್ಲಿ ಇದು ಹೆಚ್ಚಾಗಿ ಪತ್ತೆಯಾಗಿರುವುದು ಕರಾವಳಿಯ ಉಡುಪಿ, ದಕ್ಷಿಣ ಕನ್ನಡ ಕಡೆ. ಆದರೆ ಅದಕ್ಕೆ ತುತ್ತಾದವರಲ್ಲಿ ಬಹುಪಾಲು ಜನರಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲ ಕಡೆಯ ಗದ್ದೆಯವರೂ ಗಮನಿಸಬೇಕಾದ ಸಂಗತಿ.

ರಾತ್ರಿಯ ಇಲಿ

ಕೇಳಿದವರು ನಗಬಹುದು, ಆದರೆ ಕಾಳು ತುಂಬಿದ ಮನೆಯಲ್ಲಿ ನೆಲದ ಮೇಲೆ ಮಲಗುವ ಸಕ್ಕರೆ ಕಾಯಿಲೆಯವರಿಗೆ ಇಲಿಯೂ ಒಂದು ಶತ್ರು. ರಾತ್ರಿ ಗಾಯವಿಲ್ಲದ ಬೆರಳು ಬೆಳಿಗ್ಗೆ ಹರಿದಿರುವುದನ್ನು ಕಂಡ ಬ್ರ್ಯಾಂಡ್ ಅವರ ರೋಗಿಗಳು ಕಾವಲು ಕೂತಾಗ ಕಂಡದ್ದು ಇಲಿಯನ್ನು. ಮುಂದೆ ಅವರ ಕೇಂದ್ರದಿಂದ ಮನೆಗೆ ಹೊರಟ ರೋಗಿಗಳಿಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸುವ ಪದ್ಧತಿ ಬಂತು. ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ಡಾ. ಜುಲ್ಫಿಕಾರ್ ಅಲಿ ಅಬ್ಬಾಸ್ ಅವರು ಸಕ್ಕರೆ ಕಾಯಿಲೆಯವರ ಪಾದಕ್ಕೆ ಇಲಿ ಕಡಿದು ಹುಣ್ಣಾದ ಪ್ರಸಂಗಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಮಂಚದ ಮೇಲೆ, ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ, ಊಟದ ಎಣ್ಣೆ ಜಿಡ್ಡು ತೊಳೆದುಕೊಂಡು ಮಲಗಬೇಕು. ಕಾಳಿನ ಚೀಲಗಳನ್ನು ಮಲಗುವ ಕೋಣೆಯಿಂದ ಬೇರೆ ಮಾಡುವುದರಿಂದ ಕಾಳೂ ಉಳಿಯುತ್ತದೆ.

ಗಾಯವಾದರೆ

ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿ, ಅಂದೇ ಆಸ್ಪತ್ರೆಗೆ ಹೋಗುವುದು. ಇದಿಷ್ಟೇ ಮನೆಮದ್ದು. ಸುಣ್ಣ, ಹೊಗೆಸೊಪ್ಪು, ಸಗಣಿ, ಸೀಮೆಎಣ್ಣೆ, ಬ್ಯಾಟರಿಯ ಕಪ್ಪು ಪುಡಿ ಇವುಗಳಲ್ಲಿ ಯಾವುದನ್ನು ಹಚ್ಚಿದರೂ ಕೇಡೇ ಹೆಚ್ಚು, ಸಗಣಿಯಿಂದ ಧನುರ್ವಾಯುವೂ ಬರಬಹುದು. ನೋವಿಲ್ಲ ಎಂಬುದು ಕಾಯಲು ಕಾರಣವಲ್ಲ, ನೋವಿಲ್ಲದ ಹುಣ್ಣೇ ಹೆಚ್ಚು ಅಪಾಯದ್ದು. ಜ್ವರ ಬಂದರೆ, ಕೆಂಪು ಮೇಲಕ್ಕೆ ಏರಿದರೆ, ಬೆರಳು ಕಪ್ಪಾದರೆ ಒಂದು ರಾತ್ರಿಯನ್ನೂ ಕಳೆಯದೆ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಯ್ಯಬೇಕು. ಯಾದಗಿರಿ, ರಾಯಚೂರು, ಕಲಬುರಗಿ ಮೂರು ಕಡೆಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ಆಸ್ಪತ್ರೆಯಲ್ಲಿ ಹುಣ್ಣು ತೊಳೆದು ಸತ್ತ ಮಾಂಸ ತೆಗೆಯುತ್ತಾರೆ, ಎಲುಬಿಗೆ ತಗಲಿದೆಯೇ ಎಂದು ಎಕ್ಸ್‌ರೇ ನೋಡುತ್ತಾರೆ, ಬೇಕಾದ ಔಷಧಿ ಕೊಡುತ್ತಾರೆ, ಸಕ್ಕರೆಯನ್ನು ಹತೋಟಿಗೆ ತರುತ್ತಾರೆ. ಇವೆಲ್ಲ ಆದ ಮೇಲೂ ಹುಣ್ಣು ಮಾಯುವುದು ರೋಗಿಯ ಕೈಯಲ್ಲಿರುವ ಒಂದೇ ಕೆಲಸದಿಂದ, ಆ ಕಾಲಿನ ಮೇಲೆ ಭಾರ ಹಾಕದಿರುವುದರಿಂದ. ಅಂಗಾಲಿನ ಹುಣ್ಣು ಹೊತ್ತು ನಡೆದಾಡುವುದೆಂದರೆ ಮೊಳಕೆಯೊಡೆದ ಪೈರಿನ ಮೇಲೆ ದಿನಾ ಗಾಡಿ ಹಾಯಿಸಿದ ಹಾಗೆ. ಬ್ರ್ಯಾಂಡ್ ಅವರು ಪಾದಕ್ಕೆ ಒತ್ತಾಗಿ ಪ್ಲಾಸ್ಟರ್ ಹಾಕಿ ಭಾರವನ್ನು ಹಂಚುವ ಪದ್ಧತಿಯನ್ನು ಬಳಸಿದ್ದು ಇದಕ್ಕೇ, ಇಂದಿಗೂ ಅದು ಉತ್ತಮ ಚಿಕಿತ್ಸೆಯೆಂದೇ ಪರಿಗಣಿತವಾಗಿದೆ. ಬಿತ್ತನೆಯ ಹದ ಬಂದಾಗ ವಾರಗಟ್ಟಲೆ ಮನೆಯಲ್ಲಿ ಕೂಡುವುದು ರೈತನಿಗೆ ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರು, ನೆರೆಹೊಲದವರು ಆ ಒಂದು ಹಂಗಾಮಿಗೆ ಹೆಗಲು ಕೊಟ್ಟರೆ ಉಳಿದ ಹಂಗಾಮುಗಳಿಗೆಲ್ಲ ಆತ ಎರಡು ಕಾಲಿನ ಮೇಲೆ ನಿಲ್ಲಬಹುದು.

ವಿಸ್ತರಣಾ ಕಾರ್ಯಕರ್ತರು ಏನು ಮಾಡಬಹುದು?

30 ವರ್ಷ ದಾಟಿದವರೆಲ್ಲರ ರಕ್ತ ಪರೀಕ್ಷೆಗೆ ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಅವಕಾಶವಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯರ ಮೂಲಕವೂ ಇದನ್ನು ಪಡೆಯಬಹುದು. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 100 ಮಿಲಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಇದ್ದು, ಮತ್ತೊಂದು ಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಕಾಯಿಲೆ ಇದೆಯೆಂದು ಅರ್ಥ. ಆದರೆ ರಕ್ತ ನೋಡಿದ ಕಡೆ ಕಾಲು ನೋಡುವುದು ಅಪರೂಪ. ರೈತ ಸಂಪರ್ಕ ಕೇಂದ್ರಕ್ಕೆ ಬೀಜಕ್ಕೆಂದು ಬರುವವರ ಸಾಲು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳು, ಸ್ವಸಹಾಯ ಸಂಘದ ಸಭೆಗಳು ಬೆರಳು ಮುಟ್ಟಿ ನೋಡುವ ಪರೀಕ್ಷೆಯನ್ನು ಕಲಿಸಲು ಒಳ್ಳೆಯ ಸ್ಥಳ. ಐದು ನಿಮಿಷದ ಕೆಲಸ. ಭಾಷಣ ಮಾಡುವುದಕ್ಕಿಂತ ಒಬ್ಬರ ಕಾಲನ್ನು ಎಲ್ಲರೆದುರು ಪರೀಕ್ಷಿಸಿ ತೋರಿಸುವುದು ಹೆಚ್ಚು ಪರಿಣಾಮಕಾರಿ, ಬೀಜೋಪಚಾರವನ್ನು ಕಲಿಸಿದ್ದೂ ಹೀಗೆಯೇ ಅಲ್ಲವೇ? ಈ ಶತಮಾನದ ಮೊದಲ ದಶಕದಲ್ಲಿ ಭಾರತ ಮತ್ತು ತಾಂಜಾನಿಯಾಗಳಲ್ಲಿ 'ಹೆಜ್ಜೆ ಹೆಜ್ಜೆಯಾಗಿ' ಎಂಬರ್ಥದ ಹೆಸರಿನ ಯೋಜನೆಯೊಂದು ನಡೆದು, ವೈದ್ಯರು ಮತ್ತು ದಾದಿಯರನ್ನು ಜೋಡಿಯಾಗಿ ಕರೆದು ಪಾದರಕ್ಷಣೆಯನ್ನು ಕೈಯಾರೆ ಕಲಿಸಲಾಯಿತು. ಹಳ್ಳಿಯ ಮಟ್ಟದಲ್ಲಿಯೂ ಅಂತಹ ಜೋಡಿಯನ್ನು, ಆಶಾ ಕಾರ್ಯಕರ್ತೆ ಮತ್ತು ಕೃಷಿ ಸಹಾಯಕರನ್ನು, ಕೂಡಿಸಲು ಅಡ್ಡಿಯೇನಿಲ್ಲ.

ಹುಣ್ಣು ಮಾಯ್ದ ಮೇಲೆ

ಮಾಯ್ದ ಹುಣ್ಣು ಮತ್ತೆ ಬರುವುದು ಸಾಮಾನ್ಯ. ನೂರರಲ್ಲಿ ಸುಮಾರು 40 ಜನರಿಗೆ ಒಂದು ವರ್ಷದೊಳಗೇ ಮರುಕಳಿಸುತ್ತದೆ. ಆದ್ದರಿಂದ ಸ್ಪರ್ಶಜ್ಞಾನ ಸರಿಯಾಗಿರುವವರು ವರ್ಷಕ್ಕೊಮ್ಮೆ ಕಾಲು ತೋರಿಸಿದರೆ ಸಾಕಾದರೂ, ಅದು ಹೋದವರು ಆರು ತಿಂಗಳಿಂದ ವರ್ಷದೊಳಗೆ ಒಮ್ಮೆ, ಹಿಂದೆ ಹುಣ್ಣಾಗಿದ್ದವರು ಒಂದರಿಂದ ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು. ಕಾಲು ಕಳೆದುಕೊಂಡವರಿಗೆ ಜೈಪುರ ಪಾದವಿದೆ. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಠಿ ಸೇರಿ ರೂಪಿಸಿದ ಈ ರಬ್ಬರಿನ ಪಾದವನ್ನು ತೊಟ್ಟು ಬರಿಗಾಲಿನಂತೆಯೇ ಕೆಸರಿನಲ್ಲಿ ನಡೆಯಬಹುದು, ಕುಕ್ಕರುಗಾಲಿನಲ್ಲಿ ಕೂಡಬಹುದು. ಆದರೆ ಅದನ್ನು ತೊಟ್ಟವರ ಇನ್ನೊಂದು ಕಾಲಿನ ಮೇಲೆ ಭಾರ ಹೆಚ್ಚುತ್ತದೆ. ಆ ಕಾಲಿನ ನರವೂ ರಕ್ತನಾಳವೂ ಮೊದಲಿನದರಷ್ಟೇ ಹಳೆಯವು. ಸಂಜೆ ಕಾಲು ತೊಳೆದು ನೋಡುವಾಗ ಉಳಿದ ಆ ಪಾದಕ್ಕೆ ಎರಡು ಪಟ್ಟು ಹೊತ್ತು ಕೊಡತಕ್ಕದ್ದು.